ನನ್ನ ತಂಗಿಯ ರಕ್ತ

ತಂಗಿಯ ಮೊದಲ ಹಾಲುಹಲ್ಲು ಬಿದ್ದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಹಲ್ಲು ಬೆಳಿಗ್ಗೆಯೇ ಬಿದ್ದಿತ್ತು. ನನ್ನ ಹಲ್ಲು ಬಿದ್ದಾಗ ನಾನು ಉಪ್ಪುನೀರು ಮುಕ್ಕಳಿಸಿ ಆಡಲು ಓಡಿದ್ದೆ. ಅವಳ ಒಸಡಿನಿಂದ ಮಾತ್ರ ಮಧ್ಯಾಹ್ನವಾದರೂ ರಕ್ತ ಜಿನುಗುತ್ತಲೇ ಇತ್ತು. ಸುರಿಯುತ್ತಿರಲಿಲ್ಲ, ಆದರೆ ನಿಲ್ಲುತ್ತಲೂ ಇರಲಿಲ್ಲ. ಅವ್ವ ಹಳೆಯ ಸೀರೆಯ ಚೂರನ್ನು ಮಡಚಿ ಅವಳ ಬಾಯಿಗಿಟ್ಟು, ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬಟ್ಟೆ ಕೆಂಪಾದಾಗಲೆಲ್ಲ ನಾನು ಇನ್ನೊಂದು ಚೂರು ಹರಿದು ಕೊಡುತ್ತಿದ್ದೆ. ಮೇಯಲು ಹೋದ ದನಗಳು ಊರಿಗೆ ಮರಳುವ ಹೊತ್ತಿಗೆ ರಕ್ತ ನಿಂತಿತು.

"ಈ ಹುಡುಗಿ ಮೈಯಾಗ ಕಾವು ಭಾಳ ಅದ," ಎಂದಳು ಪಕ್ಕದ ಮನೆಯ ಅಜ್ಜಿ. "ಮಜ್ಜಿಗಿ ಕುಡಸು, ತಲಿಗಿ ಹರಳೆಣ್ಣಿ ಹಚ್ಚು."

ಅವ್ವ ಎರಡನ್ನೂ ಮಾಡಿದಳು. ನಮ್ಮ ಅರಕೇರಾದಲ್ಲಿ ಆಗ ಮೈಗೆ ಏನೇ ಆದರೂ ಕಾವೇ ಕಾರಣ. ಬೇಸಗೆಯಲ್ಲಿ ತಂಗಿಯ ಮೂಗಿನಿಂದ ರಕ್ತ ಬಂದರೂ ಕಾವು, ಮೊಣಕಾಲಿನ ಮೇಲೆ ತಾನಾಗಿಯೇ ನೀಲಿ ಕಲೆ ಮೂಡಿದರೂ ಕಾವು. ರಾಯಚೂರು ಸೀಮೆಯ ಬಿಸಿಲು ಎಂಥದ್ದೆಂದು ಗೊತ್ತಿರುವ ಯಾರೂ ಈ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಹಾಗಾಗಿ ಅವಳ ಕಾಯಿಲೆ ವರ್ಷಗಟ್ಟಲೆ ಬಿಸಿಲಿನ ಮರೆಯಲ್ಲಿ ಉಳಿದುಬಿಟ್ಟಿತು.

ಮೊದಲು ಅನುಮಾನ ಬಂದದ್ದು ಅವ್ವನಿಗೆ. ಸುಗ್ಗಿಯಲ್ಲಿ ಅವಳು ಹತ್ತಿ ಬಿಡಿಸಲು ಹೋಗುತ್ತಿದ್ದಳು. ಶಾಲೆಗೆ ರಜೆಯಿದ್ದರೆ ನಾವಿಬ್ಬರೂ ಜೊತೆಗೆ. ಹತ್ತಿಕಾಯಿ ಒಣಗಿ ಬಿರಿದ ಮೇಲೆ ಅದರ ತೊಗಟೆಯ ತುದಿಗಳು ಮುಳ್ಳಿನಷ್ಟೇ ಚೂಪು. ದಿನಕ್ಕೆ ಎಷ್ಟೋ ಸಲ ಬೆರಳು ಗೀರುತ್ತಿದ್ದವು. ಅವ್ವನಿಗೆ ಗೀರಿದರೆ ಬೆರಳನ್ನು ಸೆರಗಿಗೆ ಒತ್ತಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತಿದ್ದಳು, ಅಷ್ಟರಲ್ಲಿ ರಕ್ತ ನಿಂತಿರುತ್ತಿತ್ತು. ನನ್ನದೂ ಹಾಗೆಯೇ. ತಂಗಿ ಬಿಡಿಸಿದ ಹತ್ತಿಯಲ್ಲಿ ಮಾತ್ರ ಕೆಂಪು ಚುಕ್ಕೆಗಳಿರುತ್ತಿದ್ದವು. ಹೊಲದೊಡೆಯ ಒಮ್ಮೆ ಗದರಿದ್ದಕ್ಕೆ ಅವ್ವ ಅವಳನ್ನು ಬದುವಿನ ಮೇಲೆ ಕೂರಿಸಿ, ಮೂವರ ಬೆರಳನ್ನೂ ಅಕ್ಕಪಕ್ಕ ಹಿಡಿದು ನೋಡಿದಳು.

"ಬಿಸಲು ಮೂರೂ ಮಂದಿಗೂ ಒಂದಽ ಅದ," ಎಂದಳು. "ನಂದು ನಿಂತದ, ನಿಂದು ನಿಂತದ. ಇಕಿದಷ್ಟಽ ಯಾಕ ನಿಂದರವಲ್ದು?"

ನಾನು ಆಗ ಹೈಸ್ಕೂಲಿನಲ್ಲಿದ್ದೆ. ಇಂದು ನಾನು ಮಾನ್ವಿ ತಾಲೂಕಿನ ಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಮಕ್ಕಳಿಗೆ ಏನನ್ನಾದರೂ ಹೋಲಿಸಿ ನೋಡಿ ಎಂದು ಹೇಳುವಾಗ, ಶಾಲೆಯ ಮೆಟ್ಟಿಲನ್ನೇ ಹತ್ತದ ಅವ್ವ ಹೊಲದ ಬದುವಿನಲ್ಲಿ ಕೂತು ಮೂರು ಬೆರಳು ಹೋಲಿಸಿದ್ದು ಕಣ್ಣಮುಂದೆ ಬರುತ್ತದೆ. ಎದೆ ಉಬ್ಬುತ್ತದೆ.

ತಂಗಿ ದೊಡ್ಡವಳಾದ ವರ್ಷ ವಿಷಯ ಕೈಮೀರಿತು. ಮೊದಲ ಮುಟ್ಟು ವಾರ ಕಳೆದರೂ ನಿಲ್ಲಲಿಲ್ಲ. ಮೊದಮೊದಲು ಹಾಗೇ ಇರುತ್ತದೆ ಎಂದು ಓಣಿಯ ಹೆಂಗಸರೆಲ್ಲ ಸಮಾಧಾನ ಹೇಳಿದರು. ಮುಂದಿನ ತಿಂಗಳೂ ಅದೇ ಕತೆ. ಅವಳ ಉಗುರು, ತುಟಿ ಬೆಳ್ಳಗಾದವು. ನೀರಿನ ಕೊಡ ಎತ್ತಿ ಮೆಟ್ಟಿಲ ಬಳಿ ತಲೆಸುತ್ತಿ ಬಿದ್ದಳು. ಅಪ್ಪ ಗಾರೆ ಕೆಲಸಕ್ಕೆಂದು ಊರು ಬಿಟ್ಟು ಹೋಗಿದ್ದ. ಅವ್ವ ಅವನಿಗಾಗಿ ಕಾಯಲಿಲ್ಲ. ದೇವದುರ್ಗದ ಆಸ್ಪತ್ರೆಗೆ ಕರೆದೊಯ್ದಳು, ಅಲ್ಲಿಂದ ರಾಯಚೂರಿಗೆ ಬರೆದುಕೊಟ್ಟರು. ರಾಯಚೂರಿನಲ್ಲಿ ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು.

ಅಲ್ಲಿನ ಹಿರಿಯ ಡಾಕ್ಟರಮ್ಮನನ್ನು ನಾನು ಎಂದೂ ಮರೆಯಲಾರೆ. ಬಿಳಿಗೂದಲನ್ನು ಬಿಗಿಯಾಗಿ ಗಂಟು ಕಟ್ಟಿದ, ದನಿ ಏರಿಸದ ಹೆಂಗಸು. ರಕ್ತ ಏರಿಸಿದ ಮೇಲೆ ಬೇರೆಯವರಾಗಿದ್ದರೆ ಮನೆಗೆ ಕಳಿಸುತ್ತಿದ್ದರೇನೋ. ಆಕೆ ಸ್ಟೂಲು ಎಳೆದುಕೊಂಡು ಅವ್ವನ ಎದುರು ಕೂತರು.

"ಸಣ್ಣಾಕಿ ಇದ್ದಾಗಿಂದ ಹೇಳ್ರಿ ಯವ್ವಾ. ಅವಸರ ಇಲ್ಲ."

ಅವ್ವ ಹಲ್ಲು ಬಿದ್ದದ್ದು, ಮೂಗು, ನೀಲಿ ಕಲೆ, ಹತ್ತಿ ಹೊಲದ ಬೆರಳು, ಒಂದೂ ಬಿಡದೆ ಹೇಳಿದಳು. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಕೇಳಿದರು: "ಇಕಿ ಅಪ್ಪನ ಕಡಿ ಯಾರಿಗರ ಹಿಂಗ ಇತ್ತೇನು?"

ಅವ್ವ ತಂಗಿಯ ಹೊದಿಕೆ ಸರಿಮಾಡಿದಳು. "ನನ್ನ ಗಂಡಗ ಗಡ್ಡ ಮಾಡುವಾಗ ಬ್ಲೇಡ್ ತಗಲಿದ್ರ ಭಾಳ ಹೊತ್ತು ರಗತ ಬರ್ತದ್ರಿ. ಅವರವ್ವ…" ಎಂದು ನಿಲ್ಲಿಸಿ, ದನಿ ತಗ್ಗಿಸಿದಳು. "ನಮ್ಮತ್ತಿ ಬಾಣಂತಿ ಇದ್ದಾಗಽ ಹೋದ್ರಂತ. ಹಡದಾಗ ಚಲೋನಽ ಇದ್ರು, ಆಮ್ಯಾಲ ರಗತ ಹರದು ಹರದು ಹೋದ್ರಂತ. ಗಾಳಿ ಸೋಕಿತ್ತು ಅಂತಾರ್ರಿ."

ಆ ಮಾತನ್ನು ನಾವಿಬ್ಬರೂ ಕೇಳಿದ್ದು ಅದೇ ಮೊದಲು. ನಮ್ಮ ಮನೆಯ ಗೋಡೆಯ ಮೇಲೆ ಆ ಅಜ್ಜಿಯ ಒಂದು ಪಟವೂ ಇರಲಿಲ್ಲ.

ಡಾಕ್ಟರಮ್ಮ ಅವ್ವನ ಕೈಮೇಲೆ ಕೈಯಿಟ್ಟರು. "ಗಾಳಿ ಅಲ್ಲ ಯವ್ವಾ. ನೀವು ಹೇಳಿದ್ದು ಭಾಳ ಉಪಯೋಗ ಆತು."

ರಕ್ತದ ಮಾದರಿ ಹೈದರಾಬಾದಿನ ಲ್ಯಾಬಿಗೆ ಹೋಯಿತು. ಕೆಲವು ವಾರ ಬಿಟ್ಟು ಇನ್ನೊಮ್ಮೆ ಹೋಯಿತು, ಏಕೆಂದರೆ ಈ ಕಾಯಿಲೆಯಲ್ಲಿ ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲವಂತೆ. ಎರಡನೆಯ ವರದಿ ಬಂದ ದಿನ ಅಪ್ಪನೂ ಕೆಲಸದ ಊರಿನಿಂದ ಬಂದಿದ್ದ. ನಾವು ನಾಲ್ವರೂ ಡಾಕ್ಟರಮ್ಮನ ಕೋಣೆಯಲ್ಲಿ ನಿಂತಿದ್ದೆವು. ತಂಗಿ ಎಲ್ಲರಿಗಿಂತ ಮೊದಲು ಬಾಯಿ ತೆರೆದಳು.

"ನನ್ನ ರಗತ ಕೆಟ್ಟದೇನ್ರೀ ಮೇಡಂ?"

"ಕೆಟ್ಟಿಲ್ಲವಾ. ಅದರಾಗ ಒಂದು ಅಂಟು ಕಮ್ಮಿ ಅದ, ಅಷ್ಟಽ. ಕುಂದ್ರು, ಹೇಳ್ತೀನಿ."

ಅಂದು ಆಕೆ ಹೇಳಿದ್ದನ್ನು ನಾನು ಆಮೇಲೆ ಬಿ.ಎಸ್ಸಿ.ಯಲ್ಲಿ ಓದಿದೆ, ಈಗ ತರಗತಿಯಲ್ಲಿ ಪಾಠ ಮಾಡುತ್ತೇನೆ. ಆದರೆ ಅಷ್ಟು ತಿಳಿಯಾಗಿ ಬೇರೆಲ್ಲೂ ಕೇಳಿಲ್ಲ. ನಮ್ಮ ರಕ್ತನಾಳದ ಒಳಮೈ ತುಂಬ ನುಣುಪು, ಅದರ ಮೇಲೆ ರಕ್ತ ಎಲ್ಲೂ ಅಂಟದೆ ಜಾರಿಕೊಂಡು ಹೋಗುತ್ತದೆ. ಗಾಯವಾದಾಗ ಮೊದಲು ನಾಳ ತಾನಾಗಿಯೇ ಮುದುರಿ ಕಿರಿದಾಗುತ್ತದೆ, ಹೊರಗೆ ಹೋಗುವ ರಕ್ತ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ನುಣುಪು ಪದರ ಹರಿದ ಕಡೆ ಅದರ ಕೆಳಗಿನ ಒರಟು ನಾರು ಬಯಲಾಗುತ್ತದೆ. ರಕ್ತದಲ್ಲಿ ತೇಲುವ ಕಿರುತಟ್ಟೆಗಳು, ಅಂದರೆ ಡೆಂಗಿ ಬಂದಾಗ ಎಲ್ಲರ ಬಾಯಲ್ಲೂ ಬರುವ ಪ್ಲೇಟ್‌ಲೆಟ್‌ಗಳು, ಆ ನಾರಿಗೆ ಬಂದು ಕಚ್ಚಿಕೊಳ್ಳಬೇಕು. ಆದರೆ ರಕ್ತ ಓಡುತ್ತಿರುತ್ತದೆ. ಆ ಓಟದ ನಡುವೆ ಅವು ನಿಂತು ಕಚ್ಚಿಕೊಳ್ಳಲು ಒಂದು ಪ್ರೋಟೀನಿನ ಸಹಾಯ ಬೇಕು. ಅದು ಒಂದು ಕಡೆ ನಾರನ್ನು, ಇನ್ನೊಂದು ಕಡೆ ಕಿರುತಟ್ಟೆಯನ್ನು ಹಿಡಿಯುತ್ತದೆ.

"ಇಕಿಗೆ ಆ ಪ್ರೋಟೀನಽ ಕಮ್ಮಿ," ಎಂದರು ಡಾಕ್ಟರಮ್ಮ. "ಪ್ಲೇಟ್‌ಲೆಟ್ ಬೇಕಾದಷ್ಟು ಅವ. ಬರ್ತಾವ, ಆದ್ರ ಭಾಳಷ್ಟು ಹಿಡಿತ ಸಿಗದ ಹಂಗಽ ಮುಂದಕ್ಕ ಹೋಗಿಬಿಡ್ತಾವ."

"ಹಿಡಕೊಂಡ ಮ್ಯಾಲ ಏನು ಮಾಡ್ತಾವ್ರಿ?" ತಂಗಿ ಕೇಳಿದಳು.

"ಹಿಡಕೊಂಡವು ಉಬ್ಬತಾವ, ಉಳದವನ್ನ ಕರೀತಾವ. ಎಲ್ಲಾ ಕೂಡಿ ಗಾಯದ ಬಾಯಿ ಮುಚ್ಚತಾವ. ಅದು ಇನ್ನಾ ಮೆತ್ತಗಿರ್ತದ. ಅಷ್ಟರಾಗ ಗಾಯ ಆದ ಜಾಗದಾಗಿನ ಇನ್ನೊಂದು ಪ್ರೋಟೀನು ರಕ್ತಕ್ಕ ತಾಕಿ, ರಕ್ತದಾಗ ಸುಮ್ಮ ಇದ್ದ ಅಂಶಗಳನ್ನ ಒಂದರ ಹಿಂದ ಒಂದು ಎಬ್ಬಸ್ತದ. ಕಡೀಕ ಫೈಬ್ರಿನ್ ಅಂತ ಸಣ್ಣ ಸಣ್ಣ ಎಳಿ ಹುಟ್ಟಿ, ಮೀನಿನ ಬಲಿ ಹಂಗ ಬಿಗೀತಾವ. ಅದಽ ಗಟ್ಟಿ ಹೆಪ್ಪು."

ತಂಗಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಕೇಳಿದಳು, "ಅಂದ್ರ ನನಗ ಶುರುವಿನಾಗಷ್ಟಽ ತಡ ಆಗ್ತದ, ಹೌದಿಲ್ರಿ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಹೆಚ್ಚೂಕಮ್ಮಿ ಹಂಗಽ. ಇಷ್ಟು ಬೇಗ ತಿಳಕೊಂಡಿ ನೋಡು."

ಅಪ್ಪ ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ಅವನ ರಕ್ತವನ್ನೂ ಪರೀಕ್ಷಿಸಬೇಕೆಂದಾಗ ಅಂಗಿಯ ತೋಳು ಮೇಲೇರಿಸಿ, "ನನ್ನಿಂದಽ ಬಂದದೇನ್ರಿ ಇದು?" ಎಂದು ಮೆಲ್ಲಗೆ ಕೇಳಿದ. ಡಾಕ್ಟರಮ್ಮ ಹೌದೆನ್ನುವ ಮೊದಲೇ ತಂಗಿ ಅವನ ಕೈ ಹಿಡಿದುಕೊಂಡು, "ನಿನ್ನ ಮೂಗು ಬಂದದ, ಹಟ ಬಂದದ, ಇದೂ ಬಂದದ ಯಪ್ಪಾ. ಅಳಬ್ಯಾಡ," ಎಂದಳು. ಆಗ ಅವಳಿಗಿನ್ನೂ ಹದಿನಾಲ್ಕು ವರ್ಷ.

ಕಾಯಿಲೆಗೆ ಅದನ್ನು ಮೊದಲು ಗುರುತಿಸಿದ ಪರದೇಶದ ವೈದ್ಯರೊಬ್ಬರ ಉದ್ದನೆಯ ಹೆಸರಿದೆ. ತಂಗಿ ಆ ಹೆಸರನ್ನು ಬಾಯಿಪಾಠ ಮಾಡಿದಳು. ಮುಟ್ಟಿನ ದಿನಗಳಿಗೆ ಹೆಪ್ಪು ಬೇಗ ಕರಗದಂತೆ ಕಾಯುವ ಗುಳಿಗೆ, ನಡುವಿನ ದಿನಗಳಿಗೆ ಕಬ್ಬಿಣಾಂಶದ ಗುಳಿಗೆ, ಸಿಕ್ಕ ಸಿಕ್ಕ ನೋವಿನ ಗುಳಿಗೆ ನುಂಗಬಾರದೆಂಬ ಎಚ್ಚರಿಕೆ. ಇಷ್ಟರಿಂದಲೇ ಅವಳ ಜೀವನ ಹಳಿಗೆ ಬಂತು. ಶಾಲೆಗೆ ತಪ್ಪದೆ ಹೋದಳು. ಕೊಡ ಹೊತ್ತಳು, ಕಬಡ್ಡಿಯೊಂದನ್ನು ಬಿಟ್ಟು ಎಲ್ಲ ಆಟ ಆಡಿದಳು. ಪಿಯುಸಿ ಮುಗಿಸಿ, ಪರೀಕ್ಷೆ ಬರೆದು, ಸರ್ಕಾರಿ ಬಸ್ಸಿನ ಕಂಡಕ್ಟರ್ ಆದಳು. ದೇವದುರ್ಗ ರಾಯಚೂರು ನಡುವೆ ಡ್ಯೂಟಿ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ದೇವದುರ್ಗದಿಂದ ಅವಳದೇ ಬಸ್ಸು ಹತ್ತಿದೆ. ಸಂತೆಯ ದಿನ, ಕಾಲಿಡಲು ಜಾಗವಿರಲಿಲ್ಲ. ಖಾಕಿ ಅಂಗಿ ತೊಟ್ಟು, ಹೆಗಲಿಗೆ ಚೀಲ ಹಾಕಿಕೊಂಡು, "ಒಳಗ ಸರೀರಿ, ನಡುವ ಜಾಗ ಅದ ಬರ್ರಿ," ಎಂದು ಕೂಗುತ್ತ ಅವಳು ಜನರ ನಡುವೆ ನುಸುಳುತ್ತಿದ್ದಳು. ಮಸರಕಲ್ ದಾಟಿದ ಮೇಲೆ ಎಮ್ಮೆಯೊಂದು ರಸ್ತೆಗೆ ಬಂದು, ಡ್ರೈವರ್ ಜೋರಾಗಿ ಬ್ರೇಕ್ ಹಾಕಿದರು. ತಂಗಿಯ ಮುಖ ಸೀಟಿನ ಸರಳಿಗೆ ಬಡಿದು, ಮೂಗಿನಿಂದ ರಕ್ತ ಇಳಿಯಿತು.

ಬಸ್ಸೆಲ್ಲ ಗದ್ದಲ. "ತಲಿ ಮ್ಯಾಲ ಮಾಡು ಯವ್ವಾ, ಮ್ಯಾಲ ಮಾಡು!" ಎಂದು ನಾಲ್ಕಾರು ದನಿ. ನಾನು ಜನರನ್ನು ತಳ್ಳಿಕೊಂಡು ಅವಳ ಬಳಿ ಹೋಗುವಷ್ಟರಲ್ಲಿ ಅವಳು ತನ್ನ ಸೀಟಿನಲ್ಲಿ ಕೂತು, ತಲೆ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದಾಗಿತ್ತು. ಇನ್ನೊಂದು ಕೈಯಿಂದ ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು.

"ತಲಿ ಮ್ಯಾಲ ಮಾಡಿದ್ರ ರಗತ ಗಂಟಲಕ್ಕ ಇಳೀತದ್ರಿ," ಎಂದಳು ಮೂಗು ಹಿಡಿದ ದನಿಯಲ್ಲಿ. "ಏನೂ ಆಗಂಗಿಲ್ಲ. ಹಿಡಕೊಂಡು ಕುಂತ್ರ ನಿಂದರ್ತದ. ಡ್ರೈವರಣ್ಣಾ, ಗಾಡಿ ಬಿಡ್ರಿ."

ರಾಯಚೂರಿನ ಹೊರವಲಯದ ತನಕ ಅವಳು ಬೆರಳು ಸಡಿಲಿಸಲಿಲ್ಲ. ನಾನು ಪಕ್ಕದಲ್ಲಿ ನಿಂತು ಅವಳ ಬೆನ್ನು ನೋಡುತ್ತಿದ್ದೆ. ಹೆದರಿಕೆಯ ಒಂದು ಎಳೆಯೂ ಅದರಲ್ಲಿರಲಿಲ್ಲ. ರಕ್ತ ನಿಂತ ಮೇಲೆ ಮುಖ ತೊಳೆದು, ಟಿಕೆಟ್ ಆಗದವರಿಗೆ ಟಿಕೆಟ್ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾ, ನೀ ಯಾಕ ಬೆವತೀದಿ?"

ಮದುವೆಯ ಮಾತು ಬಂದಾಗ ಅವ್ವ ಒಂದು ಷರತ್ತು ಹಾಕಿದಳು: ಮುಚ್ಚಿಟ್ಟು ಕೊಡುವುದಿಲ್ಲ. ಇಬ್ಬರು ವರರು ವಿಷಯ ಕೇಳಿ ಎದ್ದುಹೋದರು. ಮೂರನೆಯವನು ಮಾನ್ವಿಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಹುಡುಗ. ನೋಡಲು ಬಂದವನ ಮುಂದೆ ತಂಗಿ ತಾನೇ ಎಲ್ಲ ಹೇಳಿದಳು. ಅವನ ತಾಯಿ ನೇರವಾಗಿ ಕೇಳಿದರು, "ಮಕ್ಕಳಾಗ್ತಾವೇನವಾ?"

"ಆಗ್ತಾವ್ರಿ ಅತ್ತಿ. ಹೆರಿಗಿ ಮಾತ್ರ ಊರಾಗ ಮಾಡಂಗಿಲ್ಲ, ರಾಯಚೂರಾಗಽ ಮಾಡಬೇಕು. ಮಗುವಿಗೂ ಇದು ಬರಬಹುದು, ಬರದಽನೂ ಇರಬಹುದು."

ಹುಡುಗ ಕೈಲಿದ್ದ ಚಹಾದ ಲೋಟ ಕೆಳಗಿಟ್ಟ. "ಇಷ್ಟು ಸಾಫ್ ಹೇಳಾಕಿ ಸಿಗೂದು ಕಷ್ಟ ಯವ್ವಾ," ಎಂದ ತನ್ನ ತಾಯಿಗೆ. ಮದುವೆ ಆಯಿತು.

ಅವಳು ಬಸುರಾದಾಗ ನನಗೆ ಆ ಪಟವಿಲ್ಲದ ಅಜ್ಜಿಯದೇ ಯೋಚನೆ. ತಂಗಿಗೆ ಯೋಚನೆಗಿಂತ ತಯಾರಿಯೇ ಹೆಚ್ಚು. ಅದೇ ಡಾಕ್ಟರಮ್ಮನ ಬಳಿ ತಿಂಗಳು ತಿಂಗಳು ಹೋದಳು. ಬಸುರಿನಲ್ಲಿ ಆ ಪ್ರೋಟೀನು ತಾನಾಗಿಯೇ ಏರುತ್ತದಂತೆ. ಅವಳದೂ ಏರಿತು. "ಹೆರಿಗಿ ಹೊತ್ತಿನಾಗ ನನಗ ಭಾಳ ಚಿಂತಿ ಇಲ್ಲ," ಎಂದರು ಡಾಕ್ಟರಮ್ಮ. "ಹಡದ ಮ್ಯಾಲ ಅದು ಮತ್ತ ಇಳೀತದ. ಅವಾಗ ಹುಷಾರಿರಬೇಕು. ಒಂದೆರಡು ವಾರ ಕಳದ ಮ್ಯಾಲೂ ರಕ್ತ ಹೆಚ್ಚಾಗಬಹುದು."

ಅಜ್ಜಿಗೆ ಆದದ್ದು ಅದೇ ಎಂದು ಆಗ ನಮಗೆ ಹೊಳೆಯಿತು.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನೆಂಟರು ಪಟ್ಟು ಹಿಡಿದು ಕೂತರು. ಅವ್ವ ಹೆರಿಗೆಗೆ ಮೊದಲೇ ಪಾತ್ರೆ, ಕೌದಿ ಕಟ್ಟಿಕೊಂಡು ರಾಯಚೂರಿನಲ್ಲಿ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದಳು. ಕೇಳಿದವರಿಗೆಲ್ಲ ಒಂದೇ ಉತ್ತರ: "ತವರಮನಿ ಅಂದ್ರ ಗ್ವಾಡಿ ಅಲ್ಲ, ನಾನು. ನಾ ಎಲ್ಲಿರ್ತೀನಿ ಅಲ್ಲೇ ಆಕಿ ತವರಮನಿ."

ಹೆರಿಗೆ ಸಲೀಸಾಯಿತು. ಹೆಣ್ಣುಮಗು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಅವ್ವ ಮತ್ತು ತಂಗಿ ಬಿಡಲಿಲ್ಲ. ಅರಕೇರಾಕ್ಕೆ ಹೋಗೋಣವೆಂದು ಅಪ್ಪನೇ ಹೇಳಿದರೂ ಇಬ್ಬರೂ ಆ ಕೋಣೆ ಬಿಟ್ಟು ಕದಲಲಿಲ್ಲ.

ಎರಡನೆಯ ವಾರದಲ್ಲಿ, ಮಗುವಿಗೆ ನೀರು ಹಾಕಿ ಮಲಗಿಸಿದ ಹೊತ್ತಿನಲ್ಲಿ, ರಕ್ತಸ್ರಾವ ಒಮ್ಮೆಲೇ ಹೆಚ್ಚಾಯಿತು. ಅವ್ವ ಆಮೇಲೆ ನನಗೆ ಹೇಳಿದಂತೆ, ತಂಗಿ ಗೋಡೆ ಹಿಡಿದು ನಿಂತು, "ಯವ್ವಾ, ಶುರು ಆತು. ಆಟೋ ಕರಿ. ಕೂಸು ನಿನ್ನ ಕಡಿ ಇರಲಿ," ಎಂದಳಂತೆ, ಬಸ್ಸಿನಲ್ಲಿ ಸ್ಟಾಪ್ ಹೆಸರು ಹೇಳುವಷ್ಟೇ ಸಲೀಸಾಗಿ. ಅವಳ ಗಂಡನಿಗೆ ಫೋನ್ ಮಾಡಿದಾಗ ಅವನು ಬಾವಿಯೊಂದರ ಮೋಟಾರು ಬಿಚ್ಚುತ್ತಿದ್ದ, ಅದನ್ನು ಹಾಗೇ ಬಿಟ್ಟು ಬೈಕ್ ಹತ್ತಿದ.

ಅಂದು ಡಾಕ್ಟರಮ್ಮ ಊರಲ್ಲಿರಲಿಲ್ಲ. ಡ್ಯೂಟಿಯಲ್ಲಿದ್ದವರು ಎಳೆಯ ವಯಸ್ಸಿನ ವೈದ್ಯ. ಸ್ಟ್ರೆಚರಿನ ಮೇಲೆ ಮಲಗಿದ್ದ ತಂಗಿ ಅವರ ಕಣ್ಣು ನೋಡಿ ಕಾಯಿಲೆಯ ಹೆಸರನ್ನು ಪೂರ್ತಿ ಹೇಳಿದಳು. ಬಸುರಿನಲ್ಲಿ ಏರಿದ್ದು ಈಗ ಇಳಿದಿರಬೇಕೆಂದೂ, ತನಗೆ ಕೊಡಬೇಕಾದ ಆ ಪ್ರೋಟೀನಿನ ಔಷಧಿಯನ್ನು ಡಾಕ್ಟರಮ್ಮ ಇದೇ ಆಸ್ಪತ್ರೆಯ ಫ್ರಿಜ್ಜಿನಲ್ಲಿ ತೆಗೆದಿಟ್ಟಿದ್ದಾರೆಂದೂ ಹೇಳಿದಳು. ವೈದ್ಯರು ಒಂದು ಗಳಿಗೆಯೂ ತಡಮಾಡಲಿಲ್ಲ. ಒಂದು ಕಡೆ ನರ್ಸನ್ನು ಔಷಧಿಗೆ ಓಡಿಸಿ, ಇನ್ನೊಂದು ಕಡೆ ಡಾಕ್ಟರಮ್ಮನಿಗೆ ಫೋನ್ ಹಚ್ಚಿ, ಗರ್ಭಕೋಶ ಪರೀಕ್ಷಿಸಿ, ಚಿಕಿತ್ಸೆ ಶುರು ಮಾಡಿದರು.

ನಾನು ಮಾನ್ವಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಸಂಜೆಯಾಗಿತ್ತು. ಕಾರಿಡಾರಿನ ಬೆಂಚಿನ ಮೇಲೆ ಅವ್ವ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

"ನಿಂತದ," ಎಂದಳು ಅವ್ವ.

ಅಷ್ಟೇ. ಆಮೇಲೆ ಆ ಗಟ್ಟಿ ಹೆಂಗಸು ಮಗುವನ್ನು ನನ್ನ ಕೈಗಿತ್ತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ನೋಡಿದ್ದು ಬಹಳ ಕಡಿಮೆ. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, "ನಮ್ಮತ್ತಿಗೂ ಹಿಂಗ ಹೇಳವರು ಯಾರರ ಇದ್ದಿದ್ರ, ಆಕಿನೂ ಉಳೀತಿದ್ಲು," ಎಂದಳು. ಪಕ್ಕದಲ್ಲಿ ನಿಂತಿದ್ದ ಅಪ್ಪ ವಾರ್ಡಿನ ಬಾಗಿಲಿಗೆ ಹೋದ. ತಾಯಿಯ ಮುಖವೇ ನೆನಪಿಲ್ಲದ ಆ ಮನುಷ್ಯ ಬಾಗಿಲ ಗಾಜಿನಲ್ಲಿ ಮಗಳನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದ.

ಮಾರನೆಯ ದಿನ ಆ ಎಳೆಯ ವೈದ್ಯರು ವಾರ್ಡಿಗೆ ಬಂದು ತಂಗಿಯನ್ನು ಕೇಳಿದರು, "ಏನು ಓದೀರಿ ನೀವು? ನರ್ಸಿಂಗೇನು?"

"ಇಲ್ರಿ ಸರ, ಕಂಡಕ್ಟರ್ ಅದೀನಿ. ದೇವದುರ್ಗ ಗಾಡಿ."

ಅವರು ಜೋರಾಗಿ ನಕ್ಕರು. "ನೀವು ಎಲ್ಲಾ ಹೇಳಿದ್ದಕ್ಕ ನನಗ ಭಾಳ ಟೈಮ್ ಉಳೀತು." ತಂಗಿಯ ಬೆಳ್ಳಗಾದ ಮುಖ ಆ ಮಾತಿಗೆ ಅರಳಿದ್ದನ್ನು ನಾನು ಕಂಡೆ. ಅವಳಿಗಿಂತ ನನಗೇ ಹೆಚ್ಚು ಹಿಗ್ಗಾಯಿತು. ವಾರ್ಡಿನಲ್ಲಿ ಕೇಳಿದವರಿಗೂ ಕೇಳದವರಿಗೂ, "ಇಕಿ ನನ್ನ ತಂಗಿರೀ," ಎಂದು ಹೇಳಿಕೊಂಡು ತಿರುಗಿದೆ.

ರಜೆ ಮುಗಿಸಿ ಅವಳು ಮತ್ತೆ ಡ್ಯೂಟಿಗೆ ಹೋದಳು. ಮಗಳಿಗೆ ಈ ಕಾಯಿಲೆ ಇದೆಯೋ ಇಲ್ಲವೋ ಹುಟ್ಟಿದಾಗಲೇ ಸರಿಯಾಗಿ ಗೊತ್ತಾಗುವುದಿಲ್ಲ, ಎಳೆಗೂಸಿನಲ್ಲಿ ಆ ಪ್ರೋಟೀನು ಸಹಜವಾಗಿಯೇ ಹೆಚ್ಚಿರುತ್ತದೆ, ಸ್ವಲ್ಪ ಬೆಳೆಯಲಿ ಎಂದಿದ್ದರು ಡಾಕ್ಟರಮ್ಮ. ಮೊನ್ನೆ ಮಗುವಿಗೆ ವರ್ಷ ತುಂಬಿತು. ನಾವೆಲ್ಲ ಕೂಡಿ ರಾಯಚೂರಿಗೆ ಹೋಗಿ ರಕ್ತ ಕೊಡಿಸಿ ಬಂದೆವು. ವರದಿ ಇನ್ನೂ ಬಂದಿಲ್ಲ. ಸೂಜಿ ಚುಚ್ಚಿದಾಗ ಮಗು ಆಸ್ಪತ್ರೆ ಹಾರಿಹೋಗುವಂತೆ ಅತ್ತಿತು. ತಂಗಿ ಅದರ ಪುಟ್ಟ ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದು, ನಾವು ಯಾರು ಕೇಳಿದರೂ ಕೈಬದಲು ಮಾಡದೆ, ಆಸ್ಪತ್ರೆಯ ಬೇವಿನ ಮರದ ಕೆಳಗೆ ಕೂತು ಬಸ್ಸು ನಿಲ್ಲುವ ಊರುಗಳ ಹೆಸರನ್ನು ಒಂದೊಂದಾಗಿ ರಾಗವಾಗಿ ಹೇಳತೊಡಗಿದಳು. ಮಗು ಅಳು ನಿಲ್ಲಿಸಿ, ಅವಳ ಬಾಯನ್ನೇ ನೋಡುತ್ತ ನಿದ್ದೆಹೋಯಿತು.